ಹೊಳೆಯಿಲ್ಲದ ಊರಿನ ತೀರ್ಥ: ಅಣ್ಣಿಗೇರಿಯ ಗಂಗಪೆರ್ಮಾಡಿ ಜಿನಾಲಯ

ತೀರ್ಥವೆಂದರೆ ಹೊಳೆಯನ್ನು ದಾಟುವ ಸ್ಥಳ. ಸಂಸಾರಪ್ರವಾಹವನ್ನು ದಾಟುವ ದಾರಿಯನ್ನು ತೋರಿದವರಾದ್ದರಿಂದ ಜಿನರು ತೀರ್ಥಂಕರರೆನಿಸಿದರು. ಕನ್ನಡ ನಾಡಿನ ಹಲವು ಪ್ರಾಚೀನ ಪಟ್ಟಣಗಳು ನದಿಯ ದಂಡೆಯಲ್ಲಿಯೇ ಬೆಳೆದವು. ಬನವಾಸಿಗೆ ವರದೆಯೂ, ಪಟ್ಟದಕಲ್ಲಿಗೆ ಮಲಪ್ರಭೆಯೂ, ಹಂಪೆಗೆ ತುಂಗಭದ್ರೆಯೂ ಆಸರೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಗೆ ಅಂಥ ಹೊಳೆಯ ದಂಡೆಯಿಲ್ಲ. ನವಲಗುಂದ ಸೀಮೆಯ ಎರೆಭೂಮಿಯ ನೀರನ್ನು ಹೊತ್ತ ಬೆಣ್ಣೆಹಳ್ಳವು ಮಲಪ್ರಭೆಯನ್ನು ಸೇರಿದರೆ, ಈ ಊರು ಕಪ್ಪು ನೆಲದ ನಡುವೆ ನಿಂತಿದೆ. ಶಾಸನಗಳು ಇದನ್ನು ಅಣ್ಣಿಗೆರೆ ಎನ್ನುತ್ತವೆ. ಹೊಳೆಯಿಲ್ಲದ ಈ ಊರು ಜೈನರಿಗೆ ಯಾವ ಅರ್ಥದಲ್ಲಿ ತೀರ್ಥವಾಯಿತೆಂಬುದು ವಿಚಾರಯೋಗ್ಯವಾಗಿದೆ.

ಬೆಳ್ವೊಲ-300 ಎಂಬ ನಾಡಿಗೆ ಅಣ್ಣಿಗೆರೆಯೇ ಮುಖ್ಯ ಪಟ್ಟಣ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯು ಇಲ್ಲಿಯ ಜೋಯಿಸ ಸಿಂಗನ ಮನೆತನದವಳು. ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಬರೆಯಿಸಿದ ಶಾಸನದಿಂದ ಈ ಸಂಗತಿ ತಿಳಿಯುತ್ತದೆ. ವೈದಿಕ ಮನೆತನದಲ್ಲಿ ಹುಟ್ಟಿ ಜಿನಧರ್ಮವನ್ನು ಸ್ವೀಕರಿಸಿದ ಭೀಮಪಯ್ಯನೇ ಪಂಪನ ತಂದೆ.

ಅದೇ ಹತ್ತನೆಯ ಶತಮಾನದಲ್ಲಿ ಗಂಗ ಅರಸ ಇಮ್ಮಡಿ ಬೂತುಗನು ಅಣ್ಣಿಗೆರೆಯಲ್ಲಿ ಗಂಗಪೆರ್ಮಾಡಿ ಜಿನಾಲಯವನ್ನು ಕಟ್ಟಿಸಿದನು. ಈತನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಭಾವಮೈದುನ. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದುದಕ್ಕೆ ಪ್ರತಿಯಾಗಿ ಬನವಾಸಿ, ಪುಲಿಗೆರೆ ಮೊದಲಾದ ನಾಡುಗಳೊಡನೆ ಬೆಳ್ವೊಲವನ್ನೂ ಕೃಷ್ಣನಿಂದ ಪಡೆದನೆಂದು ಆತಕೂರಿನ ಶಾಸನ ಹೇಳುತ್ತದೆ. ಬಸದಿಯ ಹಿರಿಮೆಯನ್ನು ಕೊಂಡಾಡುವ ನಾವು ಈ ಮಾತನ್ನು ಮರೆಯಬಾರದು. ಜಿನಾಲಯವನ್ನು ಕಟ್ಟಿಸಿದ ಕೈ ಯುದ್ಧದ ಕೈಯೂ ಆಗಿತ್ತು.

ಸುಮಾರು ನೂರು ವರ್ಷಗಳ ತರುವಾಯ ಚೋಳರ ಸೇನೆ ಬೆಳ್ವೊಲವನ್ನು ಹೊಕ್ಕಿತು. ಅಲ್ಲಿಯ ಜಿನಾಲಯಗಳನ್ನು ಚೋಳನು ಸುಡಿಸಿದನೆಂದೂ, ಆ ಪಾಪದ ಫಲವಾಗಿ ಯುದ್ಧದಲ್ಲಿ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನಿಗೆ ತನ್ನ ತಲೆಯನ್ನೇ ಒಪ್ಪಿಸಿದನೆಂದೂ ಗದಗ ತಾಲ್ಲೂಕಿನ ಗಾವರವಾಡದ ಶಾಸನ ಕಟುವಾಗಿ ನುಡಿಯುತ್ತದೆ. ಚೋಳ ರಾಜಾಧಿರಾಜನು ಮಡಿದ ಕೊಪ್ಪದ ಕಾಳಗವೇ ಇದು. ಅದು ನಡೆದುದು 1054ರ ಸುಮಾರಿಗೆ.

ಇಲ್ಲಿ ಓದುಗರು ಕಾಲಗಣನೆಯನ್ನು ಗಮನಿಸಬೇಕು. ಬಸದಿಯನ್ನು ಸುಟ್ಟವನು ಸತ್ತನು, ಸೇಡು ತೀರಿತು. ಆದರೆ ಸುಟ್ಟ ಬಸದಿ ಅಂದು ಮೇಲೇಳಲಿಲ್ಲ. ಶಾಸನವು ಹೇಳುವ ಜೀರ್ಣೋದ್ಧಾರ ನಡೆದುದು ಶಕ 993ರಲ್ಲಿ, ಎಂದರೆ ಕ್ರಿ.ಶ. 1071-72ರಲ್ಲಿ. ಭುವನೈಕಮಲ್ಲ ಇಮ್ಮಡಿ ಸೋಮೇಶ್ವರನ ಕಾಲದಲ್ಲಿ ಬೆಳ್ವೊಲವನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಲಕ್ಷ್ಮರಸನು ಬಸದಿಯನ್ನು ಸರಿಪಡಿಸಿ, ತ್ರಿಭುವನಚಂದ್ರ ಪಂಡಿತರಿಗೆ ದತ್ತಿಯನ್ನು ಒಪ್ಪಿಸಿದನು. ನಡುವೆ ಕಳೆದುದು ಹದಿನೇಳು ವರ್ಷ. ವೈರಿಯ ಮರಣದಿಂದ ಒಂದು ಕಲ್ಲೂ ಮತ್ತೆ ತನ್ನ ಸ್ಥಾನಕ್ಕೆ ಬರಲಿಲ್ಲ. ಬಂದುದು ಒಬ್ಬ ಅಧಿಕಾರಿಯ ಧರ್ಮಬುದ್ಧಿಯಿಂದ, ಒಬ್ಬ ಮುನಿಯ ಮೇಲಿನ ನಂಬಿಕೆಯಿಂದ.

ಊರಿನ ಸ್ವಭಾವವನ್ನು ತಿಳಿಯಲು ಇನ್ನೊಂದು ಸಾಕ್ಷ್ಯವಿದೆ. ಎಪ್ಪತ್ತಾರು ಕಂಬಗಳ ಪ್ರಸಿದ್ಧ ಅಮೃತೇಶ್ವರ ದೇವಾಲಯವೂ ಅದೇ ಹನ್ನೊಂದನೆಯ ಶತಮಾನದ್ದು. ಶಿವಾಲಯ ಜಿನಾಲಯಗಳೆರಡಕ್ಕೂ ಆ ಪಟ್ಟಣದಲ್ಲಿ ಎಡೆಯಿತ್ತು. ಮುಂದೆ ಕಲ್ಯಾಣವು ಕಲಚುರಿಗಳ ವಶವಾದಾಗ ಕೊನೆಯ ಚಾಲುಕ್ಯ ಅರಸರಿಗೂ ಅಣ್ಣಿಗೆರೆ ಕೆಲಕಾಲ ನೆಲೆಯಾಯಿತು. ಅವರ ಸಿಂಹಾಸನದ ಕುರುಹು ಅಳಿದಿದೆ. ಊರಿನಲ್ಲಿ ಪಾರ್ಶ್ವನಾಥ ಬಸದಿ ಇಂದಿಗೂ ಇದೆ.

ಗಾವರವಾಡದ ಕಲ್ಲನ್ನು ನಾವು ಎರಡು ಬಗೆಯಾಗಿ ಓದಬಹುದು. ನಮ್ಮ ಬಸದಿಯನ್ನು ಸುಟ್ಟವರಾರು ಎಂಬುದನ್ನಷ್ಟೇ ನೆನಪಿನಲ್ಲಿಟ್ಟುಕೊಳ್ಳುವುದು ಒಂದು ಬಗೆ. ಆದರೆ ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯನ್ನು ಆಚರಿಸುವ ಸಮಾಜಕ್ಕೆ ಅದು ಒಪ್ಪುವ ಓದಲ್ಲ. ಸುಟ್ಟದ್ದನ್ನು ಸುಳ್ಳೆನ್ನಬೇಕಾಗಿಲ್ಲ, ಮರೆಯಬೇಕಾಗಿಯೂ ಇಲ್ಲ. ಮರಳಿ ಕಟ್ಟಿದವನ ಹೆಸರನ್ನು ಅದಕ್ಕಿಂತ ಗಟ್ಟಿಯಾಗಿ ಹೇಳಬೇಕು, ಅಷ್ಟೆ.

ಬಸದಿಗಳ ಆಡಳಿತವನ್ನು ಹೊತ್ತ ಟ್ರಸ್ಟುಗಳಿಗೂ ಇಲ್ಲಿ ಒಂದು ಪಾಠವಿದೆ. ಹೊಸ ಬಸದಿಗೆ ದಾನಿಗಳು ಬೇಗ ದೊರೆಯುತ್ತಾರೆ. ಹಳೆಯದರ ಸೋರುವ ಮಾಳಿಗೆಗೆ ದೊರೆಯುವುದು ಕಷ್ಟ. ಜೀರ್ಣೋದ್ಧಾರದ ಹೆಸರಿನಲ್ಲಿಯೇ ಶಾಸನದ ಕಲ್ಲಿಗೆ ಬಣ್ಣ ಬಳಿಯುವುದೂ, ಅದನ್ನು ನೆಲಹಾಸಿಗೆ ಹಾಕುವುದೂ ಉಂಟು. ಗಾವರವಾಡದ ಕಲ್ಲಿಗೆ ಆ ಗತಿ ಬಂದಿದ್ದರೆ ಲಕ್ಷ್ಮರಸನ ಈ ಸತ್ಕಾರ್ಯ ನಮಗೆ ತಿಳಿಯುತ್ತಲೇ ಇರಲಿಲ್ಲ. ಪ್ರತಿಯೊಂದು ಊರಿನ ಹಿರಿಯರೂ ತಮ್ಮ ಬಸದಿಯ ಅಂಗಳದ ಕಲ್ಲುಗಳನ್ನು ಒಮ್ಮೆ ನೋಡಲಿ, ಬರಹವಿದ್ದರೆ ಬಲ್ಲವರಿಂದ ಓದಿಸಲಿ.

ವೈರದ ಪ್ರವಾಹವನ್ನು ದಾಟಿ ಆಚೆಯ ದಡವನ್ನು ಮುಟ್ಟಿಸುವುದೇ ತೀರ್ಥ. ಆ ಅರ್ಥದಲ್ಲಿ ಹೊಳೆಯಿಲ್ಲದ ಅಣ್ಣಿಗೇರಿಯೂ ತೀರ್ಥವೇ ಆಗಿದೆ.