ಮೂವತ್ತೊಂಬತ್ತರಲ್ಲಿ ನಾಲ್ಕು: ಅಸಮಾನತೆಯ ಲೆಕ್ಕ ಬೆಳೆದು ಬಂದ ಬಗೆ

ಕರ್ನಾಟಕದ ತೆರಿಗೆಯನ್ನೆಲ್ಲ ಬೆಂಗಳೂರು ಕಟ್ಟುತ್ತದೆ, ಉತ್ತರದ ಜಿಲ್ಲೆಗಳು ಕೂತು ಉಣ್ಣುತ್ತವೆ ಎಂಬ ಮಾತು ಈಚೆಗೆ ಓದಿದವರ ಬಾಯಲ್ಲೂ ಸಲೀಸಾಗಿ ಬರುತ್ತಿದೆ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವೇ ಕೇಂದ್ರದ ತೆರಿಗೆಯ ಪಾಲಿಗಾಗಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತ ಮೇಲಂತೂ ಇದಕ್ಕೆ ಇನ್ನಷ್ಟು ಕಾವು ಬಂದಿದೆ. ಪ್ರಾದೇಶಿಕ ಅಸಮಾನತೆಯ ಅಧ್ಯಯನ ನಮ್ಮಲ್ಲಿ ಹೇಗೆ ಬೆಳೆಯಿತೆಂಬುದನ್ನು ಮರೆತವರು ಮಾತ್ರ ಹೀಗೆ ಮಾತಾಡಬಲ್ಲರು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ಬಿಟ್ಟು ಆ ಕಥೆ ಹೇಳಲಾಗದು.

ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಲೆಕ್ಕವೆಂದರೆ ಕಂದಾಯದ ಲೆಕ್ಕ. ಮಣ್ಣಿನ ಗುಣ ನೋಡಿ ದರ ಕಟ್ಟುತ್ತಿದ್ದರು. 1876–78ರ ಬರದಲ್ಲಿ ಜನ ಸತ್ತಾಗ, ಮಣ್ಣನ್ನಷ್ಟೇ ಅಳೆದರೆ ಸಾಲದೆಂಬುದು ಗೊತ್ತಾಯಿತು. ಏಕೀಕರಣದ ನಂತರ ಬಹುಕಾಲ ಜಿಲ್ಲಾ ಸರಾಸರಿಯೇ ಆಧಾರವಾಗಿತ್ತು. 1974ರ ಭೂಸುಧಾರಣೆ ಕರಾವಳಿಯ ಗೇಣಿದಾರರಿಗೆ ಕೊಟ್ಟಷ್ಟನ್ನು ಈ ಒಣಬೇಸಾಯದ ಸೀಮೆಗೆ ಕೊಡಲಿಲ್ಲ. ಇಲ್ಲಿನ ಬಡವನಿಗೆ ಹೊಲವಿತ್ತು, ನೀರಿರಲಿಲ್ಲ. ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಜಿಲ್ಲಾ ಪರಿಷತ್ತುಗಳು 1987ರಲ್ಲಿ ಯೋಜನೆಯನ್ನು ವಿಧಾನಸೌಧದಿಂದ ಕೆಳಗಿಳಿಸಿದವು. ಆ ಹುರುಪು ಬಹಳ ದಿನ ಉಳಿಯಲಿಲ್ಲ.

ಧಾರವಾಡದಲ್ಲಿ ಅರ್ಥಶಾಸ್ತ್ರ ಕಲಿತ ನಮ್ಮ ತಲೆಮಾರಿಗೆ ನಿಜವಾದ ತಿರುವು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. ಪ್ರಾದೇಶಿಕ ಅಸಮಾನತೆಯನ್ನು ಅಳೆಯಲು 2000ದಲ್ಲಿ ನೇಮಕಗೊಂಡ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. ಅದು ಜಿಲ್ಲೆಯನ್ನು ಬದಿಗಿಟ್ಟು ತಾಲೂಕನ್ನು ಹಿಡಿಯಿತು. ಕೃಷಿ, ಕೈಗಾರಿಕೆ, ಬ್ಯಾಂಕು, ರಸ್ತೆ, ಶಾಲೆ, ಆಸ್ಪತ್ರೆ ಎಂದು 35 ಸೂಚಕಗಳು. ರಾಜ್ಯದ ಸರಾಸರಿಯೇ 1. ಸೂಚ್ಯಂಕ 0.80ಕ್ಕಿಂತ ಕೆಳಗಿದ್ದರೆ ‘ಅತ್ಯಂತ ಹಿಂದುಳಿದ’ ತಾಲೂಕು. 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ನಮ್ಮ ನಾಲ್ಕೂ ಇದ್ದವು. ಬಸವಣ್ಣ ಹುಟ್ಟಿದ ಊರಿನ ತಾಲೂಕಿಗೆ ಸಂದ ಪಟ್ಟವಿದು. ಜಯಂತಿಯ ಭಾಷಣಗಳಲ್ಲಿ ಇದರ ಸುದ್ದಿ ಬರುವುದಿಲ್ಲ.

ವರದಿಯನ್ನು ‘ಉತ್ತರದ ಅಳಲು’ ಎಂದು ಓದುವುದು ರೂಢಿ. ಆ 39ರಲ್ಲಿ 13 ದಕ್ಷಿಣದವು ಎಂಬುದನ್ನು ಓದುವವರಿಲ್ಲ. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಸೂಚಿಸಿತ್ತು. ಅದು ಜಾರಿಗೆ ಬಂದದ್ದು 2007–08ರಲ್ಲಿ. ಹೆಚ್ಚುವರಿ ಹಣದಲ್ಲಿ ಕಲಬುರಗಿ ವಿಭಾಗಕ್ಕೆ ಶೇ 40, ಬೆಳಗಾವಿ ವಿಭಾಗಕ್ಕೆ ಶೇ 20. ತಾಲೂಕಿನ ಲೆಕ್ಕ ಹಾಕಿದವರೇ ಹಂಚುವಾಗ ವಿಭಾಗಕ್ಕೆ ಮರಳಿದ್ದು ವರದಿಯ ದೊಡ್ಡ ಕೊರತೆ.

ಸೂಚಕಗಳಲ್ಲೂ ಕುಂದಿತ್ತು. ದೀಪಾವಳಿ ಕಳೆದ ಮೇಲೆ ಮುದ್ದೇಬಿಹಾಳದ ತಾಂಡಾಗಳಿಂದ ಗಂಟುಮೂಟೆ ಕಟ್ಟಿಕೊಂಡು ಗೋವಾಕ್ಕೋ, ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ಗುಳೆ ಹೋಗುವ ಕುಟುಂಬಗಳು ಮಕ್ಕಳನ್ನೂ ಕರೆದೊಯ್ಯುತ್ತವೆ. ಆಗ ತರಗತಿಯಲ್ಲಿ ಮಕ್ಕಳು ಕಡಿಮೆಯಾಗಿ, ಶಿಕ್ಷಕ–ವಿದ್ಯಾರ್ಥಿ ಅನುಪಾತ ಕಾಗದದ ಮೇಲೆ ಸುಧಾರಿಸಿಬಿಡುತ್ತದೆ!

ಮುಂದಿನ ಹಂತ ಸಂವಿಧಾನದ 371(ಜೆ) ವಿಧಿ. 2012ರಲ್ಲಿ ಸಂಸತ್ತು ಒಪ್ಪಿದ ಆ ತಿದ್ದುಪಡಿ ಹೈದರಾಬಾದ್ ಕರ್ನಾಟಕಕ್ಕೆ ಉದ್ಯೋಗ, ಶಿಕ್ಷಣಗಳಲ್ಲಿ ಮೀಸಲಾತಿಯನ್ನೂ ಪ್ರತ್ಯೇಕ ಮಂಡಳಿಯನ್ನೂ ಕೊಟ್ಟಿತು. ನ್ಯಾಯವೇ. ಆದರೆ ಭೀಮೆಯ ಆಚೆಯ ಅಫಜಲಪುರಕ್ಕೆ ಸಿಕ್ಕದ್ದು ಈಚೆಯ ಸಿಂದಗಿಗೆ ಸಿಗಲಿಲ್ಲ. ಎರಡೂ ಅದೇ 39ರ ಪಟ್ಟಿಯವು. ಒಂದು ನಿಜಾಮನ ಸೀಮೆ, ಇನ್ನೊಂದು ಮುಂಬೈ ಸೀಮೆ, ಅಷ್ಟೇ ವ್ಯತ್ಯಾಸ. ರಾಜ್ಯ ಸರ್ಕಾರದ 2023ರ ಗ್ಯಾರಂಟಿ ಯೋಜನೆಗಳು ಈ ಗೆರೆಯನ್ನು ದಾಟಿ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕಿದವು. ಬಿಟ್ಟಿ ಭಾಗ್ಯವೆಂದು ಹಳಿಯುವವರ ಜೊತೆ ನಾನಿಲ್ಲ. ಆದರೂ ಬಸ್ಸೇ ಬಾರದ ಹಳ್ಳಿಯ ಹೆಣ್ಣುಮಗಳಿಗೆ ಅದೇ ಗ್ಯಾರಂಟಿಗಳ ಉಚಿತ ಟಿಕೆಟ್ಟಿನಿಂದ ಏನು ಬಂತು? ನಗದು ಎಲ್ಲರಿಗೂ ಸಮನಾಗಿ ತಲುಪೀತು. ಸೇವೆ ಹಾಗೆ ತಲುಪುವುದಿಲ್ಲ.

ನಮ್ಮ ಅಧ್ಯಯನಗಳು ಹೆಚ್ಚು ಮುಟ್ಟದೆ ಬಿಟ್ಟದ್ದು ತೆರಿಗೆಯ ಕಡೆಯನ್ನು. ಇಂಡಿಯ ಕೂಲಿಯವನು ಪುಣೆಯಲ್ಲಿ ಸಾಬೂನು ಕೊಂಡರೆ ಅದರ ರಾಜ್ಯ ಜಿಎಸ್‌ಟಿ ಮಹಾರಾಷ್ಟ್ರಕ್ಕೆ. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಸ್ಥಾವರವಿದೆ. ಅದನ್ನು ನಡೆಸುವ ಎನ್‌ಟಿಪಿಸಿಯ ಕೇಂದ್ರ ಕಚೇರಿ ದೆಹಲಿಯಲ್ಲಿ. ತೆರಿಗೆ ದಾಖಲಾಗುವ ಊರು ಬೇರೆ, ಅದರ ಹಿಂದಿನ ಬೆವರು ಹರಿಯುವ ಊರು ಬೇರೆ.

2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸಿತು. ಅವರು 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದವರು. ಅಷ್ಟರಲ್ಲಿ ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ಚಡಚಣ, ಆಲಮೇಲ, ದೇವರ ಹಿಪ್ಪರಗಿ ಹೊಸ ತಾಲೂಕುಗಳಾಗಿ, ಹಳೆಯ ಸೂಚ್ಯಂಕದ ಜೊತೆ ಹೋಲಿಕೆಯೇ ಕಠಿಣವಾಗಿದೆ. ಸಮಿತಿಗಳು ಅಳೆಯಲಿ. ಆದರೆ ಅಳತೆಯಷ್ಟೇ ಸಾಲದು. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಪಾಲು ಹಂಚುವಾಗ ಆದಾಯದ ಅಂತರಕ್ಕೆ ಶೇ 45ರ ತೂಕ ಕೊಟ್ಟಿತು. ಅಂಥದೊಂದು ಸೂತ್ರ ರಾಜ್ಯದೊಳಗೆ ತಾಲೂಕುಗಳಿಗೂ ಬರಲಿ; ಪ್ರತಿ ತಾಲೂಕಿನಲ್ಲಿ ತಲಾ ಎಷ್ಟು ಖರ್ಚಾಯಿತೆಂಬ ಪಟ್ಟಿ ಪ್ರತಿವರ್ಷ ಬಜೆಟ್ ಜೊತೆಗೇ ಸದನದ ಮುಂದಿರಲಿ. ದೆಹಲಿಯಲ್ಲಿ ನ್ಯಾಯ ಕೇಳುವ ಸರ್ಕಾರಕ್ಕೆ ಮುದ್ದೇಬಿಹಾಳಕ್ಕೂ ಲೆಕ್ಕ ಒಪ್ಪಿಸುವ ಹೊಣೆಯಿದೆ.