ಇತಿಹಾಸವನ್ನು ತಿದ್ದಹೊರಟ ಅಧ್ಯಾಪಕಿ

ಕಳೆದ ಕಾಲಕ್ಕೆ ಮರಳುವ ಅವಕಾಶ ಸಿಕ್ಕರೆ, ಮುಂದೆ ಒದಗಲಿರುವ ಅನಾಹುತವನ್ನು ತಪ್ಪಿಸಬಹುದೇ? ಬ್ರಿಟನ್ನಿನ ಬಿಬಿಸಿ 1964ರ ಮೇ–ಜೂನ್‌ನಲ್ಲಿ ನಾಲ್ಕು ಕಂತುಗಳಲ್ಲಿ ಪ್ರಸಾರ ಮಾಡಿದ ‘ದಿ ಅಜ್ಟೆಕ್ಸ್’ ಎತ್ತಿದ್ದು ಈ ಪ್ರಶ್ನೆಯನ್ನೇ.

‘ಡಾಕ್ಟರ್ ಹೂ’ ಸರಣಿ ಆರಂಭವಾದದ್ದು 1963ರ ನವೆಂಬರ್ 23ರಂದು. ಕಾಲಯಂತ್ರದಲ್ಲಿ ಸಂಚರಿಸುವ ಡಾಕ್ಟರನ ಜೊತೆ ವಿಜ್ಞಾನದ ಮೇಷ್ಟ್ರು ಇಯಾನ್, ಇತಿಹಾಸದ ಅಧ್ಯಾಪಕಿ ಬಾರ್ಬರಾ ಇದ್ದುದು ಆಕಸ್ಮಿಕವಲ್ಲ. ರಂಜನೆಯೊಡನೆ ಮಕ್ಕಳಿಗೆ ಒಂದಿಷ್ಟು ಪಾಠವೂ ದಕ್ಕಲಿ ಎಂಬುದು ಯೋಜಕರ ಆಶಯ. ಜಾನ್ ಲುಕರೊಟ್ಟಿ ಬರೆದ ಈ ಕಥೆಯಲ್ಲಿ ಕಾಲಯಂತ್ರವೊಂದನ್ನು ಬಿಟ್ಟರೆ ವೈಜ್ಞಾನಿಕ ಚಮತ್ಕಾರಗಳಿಲ್ಲ, ಅನ್ಯಗ್ರಹದ ಶತ್ರುಗಳೂ ಇಲ್ಲ.

ಯಂತ್ರ ಇಳಿಯುವುದು 15ನೇ ಶತಮಾನದ ಮೆಕ್ಸಿಕೊದಲ್ಲಿ, ಅರ್ಚಕನೊಬ್ಬನ ಗೋರಿಯೊಳಗೆ. ಅಲ್ಲಿದ್ದ ಕೈಬಳೆ ತೊಟ್ಟ ಬಾರ್ಬರಾಳನ್ನು ಜನ ಅವನದೇ ಪುನರ್ಜನ್ಮವೆಂದು ಪೂಜಿಸುತ್ತಾರೆ. ಸ್ಪೇನಿನವರು ಬರುವ ಮೊದಲೇ ನರಬಲಿ ನಿಂತರೆ ಈ ನಾಗರಿಕತೆ ಉಳಿದೀತೆಂಬುದು ಅವಳ ಲೆಕ್ಕಾಚಾರ. ಡಾಕ್ಟರ್ ಬೇಡವೆಂದರೂ ಕೇಳದೆ ಬಲಿಯನ್ನು ತಡೆಯುತ್ತಾಳೆ. ಆದರೆ ಬಲಿಯಾಗಬೇಕಿದ್ದವನು ಅದನ್ನು ಅವಮಾನವೆಂದು ಬಗೆದು ಗುಡಿಯ ಮೇಲಿನಿಂದ ಹಾರಿ ಪ್ರಾಣ ಬಿಡುತ್ತಾನೆ. ಮಳೆ ಸುರಿಯುತ್ತದೆ. ಅವನ ಸಾವಿನಿಂದಲೇ ಮಳೆ ಬಂತೆಂದು ಬಲಿಯ ಅರ್ಚಕ ಸಾರುತ್ತಾನೆ! ಕೊನೆಗೆ, ಗ್ರಹಣದ ದಿನ ಬಲಿ ನಡೆದೇ ನಡೆಯುತ್ತದೆ.

ಬಾರ್ಬರಾಳ ಲೆಕ್ಕ ನಿಜಕ್ಕೂ ಸರಿಯಿತ್ತೇ? 1519ರಲ್ಲಿ ಮೆಕ್ಸಿಕೊ ತೀರಕ್ಕೆ ಬಂದ ಕೋರ್ಟೆಸ್‌ನ ಕಣ್ಣು ಚಿನ್ನದ ಮೇಲೂ ನೆಲದ ಮೇಲೂ ಇತ್ತು. ನರಬಲಿ ಆಕ್ರಮಣಕ್ಕೆ ಒಳ್ಳೆಯ ಸಮರ್ಥನೆಯಾಯಿತು, ನಿಜ. ಆದರೆ 1521ರ ಆಗಸ್ಟ್ 13ರಂದು ರಾಜಧಾನಿ ಟೆನೋಚ್ಟಿಟ್ಲಾನ್ ಬಿದ್ದದ್ದು ಸ್ಪೇನಿನವರ ಕತ್ತಿಯೊಂದರಿಂದಲೇ ಅಲ್ಲ. ಅಜ್ಟೆಕರ ಹಗೆಗಳಾಗಿದ್ದ ತ್ಲಾಸ್ಕಾಲಾದ ಯೋಧರು ಸಾವಿರಗಟ್ಟಲೆ ಕೋರ್ಟೆಸ್‌ನ ಪಕ್ಷ ವಹಿಸಿದರು. 1520ರಲ್ಲಿ ಹಬ್ಬಿದ ಸಿಡುಬು ನಗರವನ್ನು ಒಳಗಿನಿಂದಲೇ ಜರ್ಝರಿತಗೊಳಿಸಿತು. ಬಲಿ ನಿಂತಿದ್ದರೆ ಒಂದು ನೆಪ ತಪ್ಪುತ್ತಿತ್ತು; ದುರಾಸೆಯೂ ರೋಗವೂ ತಪ್ಪುತ್ತಿರಲಿಲ್ಲ.

ಹಾಗಾದರೆ ಅವಳ ಪ್ರಯತ್ನ ವ್ಯರ್ಥವೇ? ಜ್ಞಾನದ ಅರ್ಚಕ ಆಟ್ಲಾಕ್ ಬಲಿಯ ಮೇಲಿನ ನಂಬಿಕೆ ಕಳೆದುಕೊಂಡು, ಅಧಿಕಾರ ತೊರೆದು ಸತ್ಯವನ್ನು ಅರಸುತ್ತ ಹೊರಟುಹೋಗುತ್ತಾನೆ. ನಾಗರಿಕತೆಯನ್ನು ಉಳಿಸಲಾಗದವಳು ಒಬ್ಬ ಮನುಷ್ಯನ ಕಣ್ಣು ತೆರೆಸಿದಳೆಂದು ಡಾಕ್ಟರ್ ಸಮಾಧಾನ ಹೇಳುತ್ತಾನೆ.

ಬಿಬಿಸಿಯೇ ಹಳೆಯ ಟೇಪುಗಳನ್ನು ಅಳಿಸಿದ್ದರಿಂದ ಆ ವರ್ಷಗಳ ಹಲವು ಕಂತುಗಳು ಕಾಣೆಯಾದವು. ‘ದಿ ಅಜ್ಟೆಕ್ಸ್’ ಮಾತ್ರ ನಾಲ್ಕೂ ಕಂತುಗಳಲ್ಲಿ ಉಳಿದು ಬಂದಿದೆ. ಅದು ಕಲಿಸುವ ಇತಿಹಾಸ ಪಾಠ ಇಸವಿಗಳಿಗಷ್ಟೇ ಸೀಮಿತವಲ್ಲ: ಒಂದು ಸಮಾಜದ ನಂಬಿಕೆ ಹೊರಗಿನವರ ಅಪ್ಪಣೆಯಿಂದ ಬದಲಾಗದು, ಒಳಗಿನವರ ಸಂದೇಹದಿಂದ ಬದಲಾದೀತು.