ದವಡೆಯ ‘ಟಕ್’ ಸದ್ದಿಗೂ ಒಂದು ಇತಿಹಾಸ ಇದೆ

ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗೋವಾಗ ಕೆಂಗಲ್ ಆಂಜನೇಯನ ಗುಡಿ ಬಂದ್ರೆ ಬಸ್ಸಲ್ಲೇ ಕೈ ಮುಗೀತೀವಲ್ಲ? ಸಂಸ್ಕೃತದಲ್ಲಿ ‘ಹನು’ ಅಂದ್ರೆ ದವಡೆ. ಇಂದ್ರನ ವಜ್ರಾಯುಧದ ಏಟು ದವಡೆಗೆ ಬಿದ್ದಿದ್ದಕ್ಕೇ ಹನುಮಂತ ಅಂತ ಹೆಸರು ಬಂತು ಅನ್ನೋದು ಪುರಾಣ. ಇವತ್ತು ನಮ್ಮ ದವಡೆ ಕಥೆ. ಆಕಳಿಸಿದಾಗ ಕಿವಿ ಮುಂದೆ ‘ಟಕ್’ ಅನ್ನುತ್ತೆ ಅಂತ ಕ್ಲಾಸಲ್ಲಿ ಒಬ್ಬಳು ಆಪರೇಷನ್ನೇ ಬೇಕೇನೋ ಅಂತ ಹೆದರಿದ್ಲು. ಅವಳಿಗೋಸ್ಕರ ಇದು. 👇

1️⃣ ದವಡೆ ಕೀಲು ತಪ್ಪಿದ್ರೆ ಕೂರಿಸೋ ವಿದ್ಯೆ ತುಂಬ ಹಳೇದು. ಸುಮಾರು 3,600 ವರ್ಷದ ಹಿಂದಿನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲಿ, ಹೆಬ್ಬೆರಳನ್ನ ಬಾಯೊಳಗಿಟ್ಟು ದವಡೆಯನ್ನ ಹಿಂದಕ್ಕೆ ಕೂರಿಸೋ ಕ್ರಮ ಇದೆ. ನಮ್ಮ ಸುಶ್ರುತ ಸಂಹಿತೆಯಲ್ಲೂ ಕೀಲು ಕೂರಿಸಿ, ಶಾಖ ಕೊಟ್ಟು, ಪಟ್ಟಿ ಕಟ್ಟಬೇಕು ಅಂತಿದೆ.

2️⃣ ಸದ್ದು ಯಾಕೆ? ಕೀಲಿನ ಮಧ್ಯೆ ಮೆತ್ತನೆ ತಟ್ಟೆಯೊಂದಿದೆ. ಅದು ಮುಂದಕ್ಕೆ ಜಾರಿದ್ರೆ, ಬಾಯಿ ತೆರೆದಾಗ ಮೂಳೆ ಅದರ ಮೇಲೆ ಹತ್ತುತ್ತೆ. ಆಗ ‘ಟಕ್’. 1887ರಲ್ಲಿ ಎಡಿನ್‌ಬರೋದ ಥಾಮಸ್ ಅನ್ನಂಡೇಲ್ ಆಪರೇಷನ್ ಮಾಡಿ, ಜಾರಿದ ತಟ್ಟೆಯನ್ನ ಹಿಂದಕ್ಕೆಳೆದು ಹೊಲಿದ್ರು.

3️⃣ 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ 11 ರೋಗಿಗಳನ್ನ ನೋಡಿ, ಕಿವಿನೋವಿಗೂ ದವಡೆ ಕೀಲಿಗೂ ಸಂಬಂಧ ಇದೆ ಅಂದ್ರು. ಹಿಂದಿನ ಹಲ್ಲು ಹೋಗಿದ್ದೇ ಕಾರಣ ಅಂತ ಅವರು ಕೊಟ್ಟ ವಿವರಣೆ ಮುಂದೆ ನಿಲ್ಲಲಿಲ್ಲ.

4️⃣ ಆಮೇಲಿನದ್ದು ನೋವಿನ ಕಥೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಎಷ್ಟೋ ಜನರ ಕೀಲಿಗೆ ಟೆಫ್ಲಾನ್ ಸೇರಿದ ಕೃತಕ ತಟ್ಟೆ ಹಾಕಿದ್ರು. ಅದು ಒಳಗೇ ಪುಡಿಯಾಗಿ ಮೂಳೆಯನ್ನೇ ಸವೆಸ್ತು. 1990ರ ದಶಕದ ಆರಂಭದಲ್ಲಿ ಅದನ್ನ ವಾಪಸ್ ಪಡೀಬೇಕಾಯ್ತು. ಅಲ್ಲಿಂದ ವೈದ್ಯರು ಕಲಿತ ಪಾಠ: ಮೊದಲು ಸರಳ ಉಪಾಯ, ಕತ್ತರಿ ಕೊನೆಗೆ.

5️⃣ ಹಾಗಾದ್ರೆ ನಾವೇನ್ ಮಾಡೋದು? ನೋವಿಲ್ಲ, ಬಾಯಿ ಸಲೀಸಾಗಿ ತೆರೆಯುತ್ತೆ, ಬರೀ ಸದ್ದು ಅಂದ್ರೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಬೇಕಂತಲೇ ಟಕ್ ಟಕ್ ಅನ್ನಿಸ್ಬೇಡಿ. ಚ್ಯೂಯಿಂಗ್ ಗಮ್ ಬಿಡಿ. ಹಲ್ಲು ಕಚ್ಚಿಕೊಂಡು ಓದ್ಬೇಡಿ. ಸ್ವಲ್ಪ ನೋವಿದ್ರೆ ಬಿಸಿ ಶಾಖ, ಮೆತ್ತನೆ ಊಟ. ನಮ್ಮ ಕಡೆ ರಾಗಿ ಮುದ್ದೆ ಇದ್ದೇ ಇದೆಯಲ್ಲ, ಅಗಿಯೋ ಕೆಲಸಾನೇ ಇಲ್ಲ, ನುಂಗೋದು ಅಷ್ಟೇ 😄

🔴 ದಂತವೈದ್ಯರಿಗೆ ಯಾವಾಗ ತೋರಿಸ್ಬೇಕು?
• ಸದ್ದಿನ ಜೊತೆ ನೋವು ಇದ್ದು, ಕಡಿಮೆ ಆಗ್ತಿಲ್ಲ ಅಂದ್ರೆ
• ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ರೆ ಬಾಯೊಳಗೆ ಹಿಡಿಯಲ್ಲ ಅಂದ್ರೆ
• ದವಡೆ ಆಗಾಗ ಸಿಕ್ಕಿಹಾಕಿಕೊಂಡ್ರೆ
• ‘ಟಕ್’ ಹೋಗಿ ಕರಕರ ಸದ್ದು ಶುರುವಾದ್ರೆ
• ಬಿದ್ದೋ ಏಟು ತಿಂದೋ ಆದ್ಮೇಲೆ ಶುರುವಾದ್ರೆ

ತೆರೆದ ಬಾಯಿ ಮುಚ್ಚೋಕೇ ಆಗ್ತಿಲ್ವಾ? ಅವತ್ತೇ ಆಸ್ಪತ್ರೆಗೆ ಹೋಗಿ, ಮನೇಲಿ ಎಳೆದಾಡ್ಬೇಡಿ. ಇನ್ನೊಂದು ಮಾತು: ಅಡಿಕೆ, ಗುಟ್ಕಾ ಹಾಕೋರಿಗೆ ಬಾಯಿ ತೆರೆಯೋದು ಕಡಿಮೆಯಾಗ್ತಾ ಬಂದ್ರೆ ಅದು ಬೇರೆ ಕಾಯಿಲೆ ಇರಬಹುದು, ತಡ ಮಾಡ್ಬೇಡಿ.

ಕನಕಪುರ, ಮಾಗಡಿ ಕಡೆ ಫ್ರೆಂಡ್ಸಿಗೂ ಕಳಿಸಿ. ನಿಮ್ಮ ದವಡೆನೂ ‘ಟಕ್’ ಅನ್ನುತ್ತಾ? ಕಾಮೆಂಟಲ್ಲಿ ಹೇಳಿ.

#ದೇಹದಇತಿಹಾಸ #ರಾಮನಗರ #ಚನ್ನಪಟ್ಟಣ